ಟಕೋಮಾದ ಮೂತಿ ಎತ್ತಿದ್ದು: ಮೂರಿಂಚು ಅಂದುಕೊಂಡು ಒಂದೂಕಾಲಿಗೆ ನಿಂತೆ

ಮಾರ್ಚ್ 1, ಶನಿವಾರ

ಗಾಡಿ 2019ರ ಟೊಯೋಟಾ ಟಕೋಮಾ ಪಿಕಪ್. ಎಸ್‌ಆರ್5, ಡಬಲ್ ಕ್ಯಾಬ್, ಫೋರ್ ವೀಲ್ ಡ್ರೈವ್. ನಾವಿರೋದು ಅಮೆರಿಕದ ಆಸ್ಟಿನ್‌ನಲ್ಲಿ, ಗಾಡಿ ಹುಟ್ಟಿದ್ದು ಪಕ್ಕದ ಸ್ಯಾನ್ ಆಂಟೋನಿಯೋದಲ್ಲಿ. ಚಾಸಿ ನಂಬರು 5ರಿಂದ ಶುರುವಾದರೆ ಅಲ್ಲಿಯದು, 3 ಅಂದರೆ ಮೆಕ್ಸಿಕೋದ್ದು. ಊರಿನ ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ಇದಕ್ಕೆ ದೊಡ್ಡಪ್ಪನ ಮಗ ಇದ್ದ ಹಾಗೆ.

ಆರು ವರ್ಷದಿಂದ ಒಂದೇ ಕಿರಿಕಿರಿ. ಪಕ್ಕದಿಂದ ನೋಡಿದರೆ ಹಿಂಭಾಗ ಎತ್ತರ, ಮುಂಭಾಗ ತಗ್ಗು. ನೀರು ಕುಡಿಯೋಕೆ ಬಗ್ಗಿದ ಎಮ್ಮೆ ಥರ ಕಾಣುತ್ತದೆ. ಈ ಬೀದಿಯಲ್ಲಿ ಅರ್ಧಕ್ಕರ್ಧ ಪಿಕಪ್‌ಗಳಿಗೆ ಮುಂಭಾಗ ಎತ್ತಿ ಮಟ್ಟಸ ಮಾಡುವ ಲೆವೆಲಿಂಗ್ ಕಿಟ್ ಬಿದ್ದಿದೆ. ನಾನೂ ಮೂರಿಂಚು ಎತ್ತಿಬಿಡೋಣ ಅಂತ ತೀರ್ಮಾನ ಮಾಡಿ ಕೂತಿದ್ದೆ.

ಅರಸೀಕೆರೆಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರು ಇಪ್ಪತ್ತು ವರ್ಷ ಕೊಬ್ಬರಿ ಲೋಡು ಹೊಡೆದವರು. "ಹಿಂದೆ ಎತ್ತರ ಬಿಟ್ಟಿರೋದೇ ಲೋಡ್ ಹಾಕ್ಲಿ ಅಂತ ಕಣಪ್ಪ. ಖಾಲಿ ಗಾಡಿ ಚೆಂದ ಕಾಣ್ಲಿ ಅಂತ ಅಲ್ಲ" ಅಂದರು. ಮಾತು ಸರಿಯಾಗೇ ಇದೆ. ತೊಟ್ಟಿಗೆ ಭಾರ ಬಿದ್ದಾಗ ಹಿಂದಿನ ಲೀಫ್ ಸ್ಪ್ರಿಂಗ್ ತಗ್ಗುತ್ತದೆ, ಗಾಡಿ ಆಗ ಮಟ್ಟಸವಾಗುತ್ತದೆ. ಮೊದಲೇ ಮಟ್ಟಸ ಮಾಡಿಟ್ಟರೆ ಲೋಡ್ ಹಾಕಿದಾಗ ಮೂತಿ ಆಕಾಶ ನೋಡುತ್ತದೆ.

ಅದಕ್ಕೇ ಮೊದಲು ಟೇಪು ಹಿಡಿದೆ. ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರ್ ಸವೆತ, ಗಾಳಿ ಎಲ್ಲ ಲೆಕ್ಕದೊಳಗೆ ಬಂದುಬಿಡುತ್ತದೆ. ಮುಂದೆ ಎಡ 19⅝ ಇಂಚು, ಬಲ 20. ಹಿಂದೆ ಎಡ 21⅜, ಬಲ 21½. ಅಂದರೆ ವ್ಯತ್ಯಾಸ ಒಂದೂವರೆ ಇಂಚು ಚಿಲ್ಲರೆ, ಅಷ್ಟೇ. ಮೂರಿಂಚು ಎತ್ತಿದ್ದರೆ ಖಾಲಿ ಗಾಡಿಯೇ ಮೂತಿ ಎತ್ತಿಕೊಂಡು ನಿಲ್ಲುತ್ತಿತ್ತು! ಹಿಂದೆ ಸ್ವಲ್ಪ ಎತ್ತರ ಉಳಿಯಲಿ, ಮುಂದೆ 21 ಸಾಕು ಅಂತ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದೆ.

ಎಡಗಡೆ ತಗ್ಗಿರೋದು ನನ್ನ ಗಾಡಿಯ ತಪ್ಪಲ್ಲ. ಇಲ್ಲಿ ಡ್ರೈವರ್ ಕೂರೋದು ಎಡಕ್ಕೆ, ಪೆಟ್ರೋಲ್ ಟ್ಯಾಂಕೂ ಎಡಕ್ಕೇ. ಟಕೋಮಾ ಇಟ್ಟುಕೊಂಡವರು ಇದಕ್ಕೆ 'ಟಾಕೋ ಲೀನ್' ಅಂತ ಹೆಸರೇ ಇಟ್ಟಿದ್ದಾರೆ.

ಮಾರ್ಚ್ 8

ಏನು ಹಾಕೋದು ಅನ್ನೋದರಲ್ಲೇ ಒಂದು ವಾರ ಹೋಯಿತು.

ಅಗ್ಗದ ದಾರಿ ಅಂದರೆ ಸ್ಪೇಸರ್. ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆ, ಅದರ ತಲೆಯ ಮೇಲೆ ಒಂದು ದಪ್ಪ ಬಿಲ್ಲೆ ಕೂರಿಸೋದು. ಶಾಕಿನ ಬುಡ ಕೂತಿರೋದು ಚಕ್ರದ ಹತ್ತಿರ ಅಲ್ಲ, ಚಕ್ರವನ್ನು ಫ್ರೇಮಿಗೆ ಜೋಡಿಸುವ ಕೆಳತೋಳಿನ ಮಧ್ಯದಲ್ಲೆಲ್ಲೋ. ಹಾಗಾಗಿ ಬಿಲ್ಲೆ ಒಂದಿಂಚು ಇದ್ದರೆ ಗಾಡಿ ಹತ್ತಿರ ಹತ್ತಿರ ಎರಡಿಂಚು ಏಳುತ್ತದೆ. ಸ್ಪ್ರಿಂಗ್ ಬಿಚ್ಚೋ ಕೆಲಸವೇ ಇಲ್ಲ. ಆದರೆ ಇಡೀ ಶಾಕ್ ಕೆಳಕ್ಕೆ ಸರಿಯುತ್ತದೆ. ಹಳ್ಳಕ್ಕೆ ಇಳಿದಾಗ ಚಕ್ರ ಮೊದಲಿಗಿಂತ ಜಾಸ್ತಿ ಜೋತುಬೀಳುತ್ತದೆ. ಮೇಲ್ತೋಳನ್ನು ಚಕ್ರದ ಕಡೆಗೆ ಸೇರಿಸುವ ಮೇಲಿನ ಬಾಲ್ ಜಾಯಿಂಟ್, ಚಕ್ರ ತಿರುಗಿಸುವ ಆಕ್ಸಲ್‌ನ ಸಿವಿ ಜಾಯಿಂಟ್ ಎರಡೂ ತಮಗೆ ಒಗ್ಗದ ಕೋನಕ್ಕೆ ಹೋಗುತ್ತವೆ.

ಇನ್ನೊಂದು ತುದಿಯಲ್ಲಿ ಓಲ್ಡ್ ಮ್ಯಾನ್ ಎಮು ಬ್ರ್ಯಾಂಡ್ ಥರದ ಪೂರ್ತಿ ಸೆಟ್. ಹೊಸ ಸ್ಪ್ರಿಂಗ್, ಹೊಸ ಶಾಕ್. ಮುಂದೆ ಕಬ್ಬಿಣದ ಬಂಪರ್, ವಿಂಚ್ ಹಾಕೋರಿಗೆ ಅದು ಸರಿ. ನನಗೆ ಭಾರವೇ ಇಲ್ಲ, ಸುಮ್ನೆ ಯಾಕೆ?

ನಡುವಿನದು ಬಿಲ್‌ಸ್ಟೀನ್ 5100 ಅನ್ನೋ ಶಾಕ್. ಶಾಕಿನ ಮೈಮೇಲೆ ಬಳೆ ಥರ ಕೆಲವು ತೋಡುಗಳು ಕೊರೆದಿರುತ್ತವೆ. ಸರ್ಕ್ಲಿಪ್ ಅನ್ನೋ ಒಂದು ಉಂಗುರ ಯಾವ ತೋಡಿನಲ್ಲಿ ಕೂರುತ್ತದೋ ಸ್ಪ್ರಿಂಗಿನ ತಟ್ಟೆ ಅಲ್ಲಿ ನಿಲ್ಲುತ್ತದೆ. ಮೇಲೆ ಹೋದಷ್ಟೂ ಟ್ರಕ್ ಏಳುತ್ತದೆ, ಸುಮಾರು ಎರಡೂವರೆ ಇಂಚಿನವರೆಗೆ. ಹಳೇ ಸ್ಪ್ರಿಂಗೇ ಸಾಕು. ನನ್ನ ಶಾಕ್‌ಗಳು ಹೇಗೂ 70,000 ಮೈಲಿ ಓಡಿವೆ. ಎರಡಕ್ಕೂ ಸೇರಿ 300 ಡಾಲರ್ ಆಸುಪಾಸು. ಇದೇ ಆಯಿತು. ಎಡಗಡೆಯ ವಾಲಿಕೆಗೆ ಕಾಲಿಂಚು ದಪ್ಪದ ಒಂದು ಬಿಲ್ಲೆ ಬೇರೆ ತರಿಸಿದೆ.

ಡಿಫ್ ಡ್ರಾಪ್ ಕೂಡ ಹಾಕು ಅಂತ ಆಫೀಸಿನ ಗೆಳೆಯನ ಹಟ. ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನು ಒಂಚೂರು ಕೆಳಕ್ಕೆ ಬಾಗಿಸಿ ಆಕ್ಸಲ್ ಕೋನ ಕಮ್ಮಿ ಮಾಡುವ ಉಪಾಯ ಅದು. ಒಂದೂವರೆ ಇಂಚಿಗೆ ಅದೆಲ್ಲ ಬೇಡ ಅನ್ನಿಸಿತು, ಬಿಟ್ಟೆ.

ಮಾರ್ಚ್ 15

ಭಾಮೈದ ಡಲ್ಲಾಸ್‌ನಿಂದ ಬಂದ. ಬೆಳಿಗ್ಗೆ ಎಂಟಕ್ಕೆ ಶುರು. ಮಧ್ಯಾಹ್ನದ ಊಟಕ್ಕೆ ಮುಗಿಯುತ್ತೆ ಅಂತ ಮನೆಯಲ್ಲಿ ಹೇಳಿದ್ದೆ.

ಎರಡೂ ಮುಂದಿನ ಚಕ್ರಗಳನ್ನು ಒಟ್ಟಿಗೇ ಎತ್ತಿ ಫ್ರೇಮಿನ ಕೆಳಗೆ ಸ್ಟ್ಯಾಂಡ್ ಇಟ್ಟೆವು. ಒಂದೇ ಕಡೆ ಎತ್ತಿದರೆ ಎಡ ಬಲ ಚಕ್ರಗಳ ನಡುವಿನ ಸಲಾಕೆ, ಅಂದರೆ ಸ್ವೇ ಬಾರ್, ತಿರುಚಿಕೊಂಡು ಲಿಂಕ್ ಬಿಚ್ಚೋಕೂ ಬಿಡಲ್ಲ, ಹಾಕೋಕೂ ಬಿಡಲ್ಲ. ಲಿಂಕಿನ ನಟ್ಟು 17, ಶಾಕಿನ ಕೆಳಗಿನ ಬೋಲ್ಟು 19, ತಲೆಯ ಮೂರು ನಟ್ಟು 14. ಇಲ್ಲಿ ಹಿಮ ಬೀಳೋದು ಅಪರೂಪ, ರಸ್ತೆಗೆ ಉಪ್ಪು ಸುರಿಯಲ್ಲ. ಹಾಗಾಗಿ ಯಾವ ಬೋಲ್ಟೂ ತುಕ್ಕು ಹಿಡಿದಿರಲಿಲ್ಲ.

ಮೇಲಿನ ಬಾಲ್ ಜಾಯಿಂಟ್ ಬಿಡಿಸೋದೇ ಇಷ್ಟವಾದ ಭಾಗ. ಕಾಟರ್ ಪಿನ್ ತೆಗೆದು, ನಟ್ಟನ್ನು ಪೂರ್ತಿ ಬಿಚ್ಚದೆ ತುದಿಯಲ್ಲಿ ಮೂರು ಸುತ್ತು ಉಳಿಸಿದೆ. ಕವಲು ಹಾಕಿ ಎಬ್ಬಿಸಿದರೆ ರಬ್ಬರ್ ಟೋಪಿ ಹರಿಯುತ್ತದೆ. ಅದರ ಬದಲು ಜಾಯಿಂಟ್ ಕೂತಿರುವ ನಕಲ್‌ನ (ಚಕ್ರವನ್ನು ಹಿಡಿದಿರುವ ಕಬ್ಬಿಣದ ಭಾಗದ) ಕಿವಿಗೆ ಪಕ್ಕದಿಂದ ದೊಡ್ಡ ಸುತ್ತಿಗೆಯಲ್ಲಿ ಹೊಡೆಯಬೇಕು. ಒಂದು, ಎರಡು, ಮೂರು. ಏನೂ ಇಲ್ಲ. ಆರನೇ ಏಟಿಗೆ 'ಡಬ್' ಅಂತ ಸದ್ದಾಗಿ ತೋಳು ಮೇಲೆ ಹಾರಿ, ಉಳಿಸಿದ್ದ ನಟ್ಟಿಗೆ ಸಿಕ್ಕಿ ನಿಂತಿತು. ನಟ್ಟು ಇಲ್ಲದಿದ್ದರೆ ಸೀದಾ ನನ್ನ ಮೊಣಕೈಗೇ. ನಕಲ್ ಹೊರಕ್ಕೆ ವಾಲಿದರೆ ಬ್ರೇಕ್ ಹೋಸ್ ಎಳೆಯುತ್ತದೆ, ಆಕ್ಸಲ್ ಕಳಚಿಕೊಳ್ಳಬಹುದು. ಅದನ್ನು ರಬ್ಬರ್ ಹಗ್ಗದಲ್ಲಿ ಕಟ್ಟಿದೆವು.

ಹಳೇ ಸ್ಪ್ರಿಂಗನ್ನು ಹೊಸ ಶಾಕಿಗೆ ಕೂರಿಸೋಕೆ ನಾನು ಕೈ ಹಾಕಲಿಲ್ಲ. ಅದುಮಿಟ್ಟ ಸ್ಪ್ರಿಂಗ್ ಜಾರಿದರೆ ಮನುಷ್ಯನನ್ನು ಉಳಿಸಲ್ಲ. ಎರಡು ಜೋಡಣೆಯನ್ನೂ ಹತ್ತಿರದ ಒಂದು ಅಂಗಡಿಗೆ ಒಯ್ದೆವು. ಮೇಲಿನಿಂದ ಎರಡನೇ ತೋಡಿಗೆ ಕ್ಲಿಪ್ ಹಾಕಿ ಅಂತ ಹೇಳಿ, 120 ಡಾಲರ್ ಕೊಟ್ಟು, ಅವರ ಬಾಗಿಲಲ್ಲೇ ಒಂದೂವರೆ ಗಂಟೆ ನಿಂತೆವು.

ಮನೆಗೆ ತಂದು ಎಡಗಡೆಯದನ್ನು ಎತ್ತಿ ಕೂರಿಸಿದರೆ ತಲೆಯ ಮೂರು ಸ್ಟಡ್ ಸರಿಯಾಗಿ ತೂತಿಗೆ ಹೋಗುತ್ತವೆ, ಬೋಲ್ಟ್ ತೂರುವ ಕೆಳಗಿನ ಕಣ್ಣು ಮಾತ್ರ ಬ್ರಾಕೆಟ್‌ಗೆ ಓರೆ! ಅಂಗಡಿಯವರು ಮೇಲಿನ ಪ್ಲೇಟನ್ನು ಒಂಚೂರು ತಿರುಗಿಸಿ ಬಿಗಿದಿದ್ದರು. ಮತ್ತೆ ಅಲ್ಲಿಗೆ ಹೋಗೋಣ ಅಂದರೆ ಶನಿವಾರ ಎರಡಕ್ಕೇ ಬಾಗಿಲು ಹಾಕಿದ್ದಾರೆ. "ಭಾವ, ಇದನ್ನ ತಿರುಗಿಸಿಬಿಡೋಣ" ಅಂದ. ತಲೆಯ ನಟ್ಟುಗಳನ್ನು ಬೆರಳಲ್ಲಿ ಮಾತ್ರ ಹಾಕಿ, ಕೆಳಗಿನ ಕಣ್ಣಿಗೆ ಉದ್ದನೆಯ ಎಕ್ಸ್‌ಟೆನ್ಷನ್ ರಾಡು ತೂರಿಸಿ, ಅವನು ಎರಡೂ ಕೈಯಲ್ಲಿ ಹಿಂಡಿದ. ನಾನು ಜಾಕಿನಿಂದ ಕೆಳತೋಳನ್ನು ಕೂದಲೆಳೆಯಷ್ಟೇ ಎತ್ತುತ್ತಾ ಹೋದೆ. ಬೋಲ್ಟಿನ ಮೂತಿ ಕಣ್ಣಿಗೆ ಸಿಕ್ಕಿದಾಗ ಇಬ್ಬರೂ ಉಸಿರು ಬಿಟ್ಟೆವು. ಬಲಗಡೆಯದು ಇಪ್ಪತ್ತೇ ನಿಮಿಷ.

ಚಕ್ರದ ನಟ್ಟು 83 ಅಡಿ-ಪೌಂಡ್‌ಗೆ ಬಿಗಿದಾಗ ಸಂಜೆ ಆರೂವರೆ. ಮಧ್ಯಾಹ್ನದ ಅನ್ನ-ಸಾರು ರಾತ್ರಿಗೆ ಉಂಡೆವು. ಹೆಂಡತಿ ಏನೂ ಅನ್ನಲಿಲ್ಲ, ಗಡಿಯಾರ ನೋಡಿದಳು ಅಷ್ಟೇ.

ಟೇಪು ಹಿಡಿದರೆ ಎಡ 21⅝, ಬಲ 21½. ಅಂದುಕೊಂಡಿದ್ದಕ್ಕಿಂತ ಅರ್ಧ ಇಂಚು ಜಾಸ್ತಿ.

ಮಾರ್ಚ್ 16

ರಾತ್ರಿಯೆಲ್ಲ ಯೋಚನೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಶಾಕಿನ ಕೆಳಗಿನ ಬೋಲ್ಟನ್ನು ಚಕ್ರ ಜೋತುಬಿದ್ದಿರುವಾಗಲೇ ಪೂರ್ತಿ ಬಿಗಿದಿದ್ದೆ. ಆ ಕಣ್ಣಿನೊಳಗಿನ ರಬ್ಬರ್ ಬುಷ್ ಆ ಭಂಗಿಯಲ್ಲೇ ಸಿಕ್ಕಿಕೊಂಡಿದೆ. ಗಾಡಿ ನೆಲಕ್ಕೆ ಕೂತಾಗ ರಬ್ಬರ್ ತಿರುಚಿಕೊಂಡು ಮೇಲಕ್ಕೆ ದೂಡುತ್ತಿದೆ. ಹೀಗೇ ಬಿಟ್ಟರೆ ಬುಷ್ ಬೇಗ ಹರಿದುಹೋಗುತ್ತದೆ. ಗಾಡಿ ನೆಲದ ಮೇಲಿರುವಾಗಲೇ ಕೆಳಗೆ ತೂರಿ ಬೋಲ್ಟ್ ಸಡಿಲ ಮಾಡಿದೆ. ಡ್ರೈವ್‌ವೇಯಲ್ಲಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ, ಬಂಪರ್ ಮೇಲೆ ಭಾಮೈದನನ್ನು ಕುಣಿಸಿ, ಮತ್ತೆ ಬಿಗಿದೆ. ಎಡ 21⅛, ಬಲ 21¼. ಅಂದರೆ ಎಡಕ್ಕೆ ಒಂದೂವರೆ, ಬಲಕ್ಕೆ ಒಂದೂಕಾಲು ಇಂಚು ಎದ್ದಿದೆ. ಎಡ ಬಲದ ಅಂತರ ⅜ರಿಂದ ⅛ಕ್ಕೆ ಇಳಿಯಿತು. ಗೋಡೆ ಮೇಲಿನ 21ರ ಪಕ್ಕ ಒಂದು ಟಿಕ್ ಹಾಕಿದೆ.

ಮಾರ್ಚ್ 22

ಅಲೈನ್‌ಮೆಂಟ್ ಆಯಿತು. ಮುಂಭಾಗ ಎತ್ತಿದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋಕೆ ಸೋಮಾರಿತನ ಮಾಡುತ್ತದೆ. ಒಂದು ವಾರ ಹೈವೇಯಲ್ಲಿ ಅದು ಚೆನ್ನಾಗೇ ಗೊತ್ತಾಯಿತು. ಕೆಳತೋಳಿನ ಕ್ಯಾಮ್ ಬೋಲ್ಟ್ ತಿರುಗಿಸಿ ಕ್ಯಾಸ್ಟರ್ ಆದಷ್ಟೂ ಜಾಸ್ತಿ ಕೊಡಿ ಅಂತ ಮೊದಲೇ ಹೇಳಿದ್ದೆ. ಚೀಟಿಯಲ್ಲಿ ಎಡ 2.4, ಬಲ 2.6 ಡಿಗ್ರಿ ಬಂದಿದೆ. ನನಗೆ ಸಾಕು.

ಹೆಡ್‌ಲೈಟ್ ಬಗ್ಗೆ ಯಾರೂ ಜಾಸ್ತಿ ಹೇಳಲ್ಲ. ವೀಲ್‌ಬೇಸ್ 127.4 ಇಂಚು. ಅದರ ಮುಂದಿನ ತುದಿ ಒಂದೂಕಾಲು ಒಂದೂವರೆ ಎದ್ದರೆ 25 ಅಡಿ ದೂರದ ಗೋಡೆಯಲ್ಲಿ ಬೆಳಕು ಮೂರಿಂಚಿಗಿಂತ ಜಾಸ್ತಿ ಏರುತ್ತದೆ. ದೀಪವೇ ಎತ್ತರಕ್ಕೆ ಹೋಗಿದ್ದು ಬೇರೆ. ಕೆಲಸಕ್ಕೆ ಮೊದಲು ಗ್ಯಾರೇಜ್ ಬಾಗಿಲಿಗೆ ನೀಲಿ ಟೇಪು ಅಂಟಿಸಿ ಗುರುತು ಮಾಡಿಟ್ಟಿದ್ದು ಉಪಯೋಗಕ್ಕೆ ಬಂತು. ಸ್ಕ್ರೂ ತಿರುಗಿಸಿ, ಟೇಪಿಗಿಂತ ಸ್ವಲ್ಪ ಕೆಳಕ್ಕೇ ಇಳಿಸಿದೆ. ಲೋಡ್ ಇರುವ ದಿನ ಎದುರಿನವರ ಕಣ್ಣಿಗೆ ಚುಚ್ಚಬಾರದಲ್ವಾ.

ಮಾರ್ಚ್ 30, ಯುಗಾದಿ

ಹಬ್ಬದ ಊಟಕ್ಕೆ ಐವತ್ತು ಜನ. ಪಾತ್ರೆ, ಮಡಚುವ ಕುರ್ಚಿ, ಸ್ಟವ್, ಸಿಲಿಂಡರ್ ಎಲ್ಲ ನನ್ನ ತೊಟ್ಟಿಗೇ. ಅಂದಾಜು 150 ಕೆಜಿ. ಹೊರಡೋ ಮುಂಚೆ ಟೇಪು ಹಿಡಿದೆ, ಹೆಂಡತಿ ಹೋಳಿಗೆ ಡಬ್ಬಿ ಹಿಡಿದು ಕಾಯುತ್ತಿದ್ದಳು. ಹಿಂದೆ 20½ಕ್ಕೆ ಇಳಿದಿದೆ. ಮೂತಿ ಮುಕ್ಕಾಲು ಇಂಚು ಮೇಲೆ. ಮೊದಲಾಗಿದ್ದರೆ ಇದೇ ಲೋಡಿಗೂ ಹಿಂಭಾಗವೇ ಸುಮಾರು ಮುಕ್ಕಾಲು ಇಂಚು ಮೇಲಿರುತ್ತಿತ್ತು. ಅಪ್ಪನಿಗೆ ಫೋಟೋ ಕಳಿಸಿದೆ. "ನಾ ಹೇಳಿರ್ಲಿಲ್ವಾ" ಅಂತ ಬಂತು, ಹಿಂದೆಯೇ "ಒಟ್ಟು ಎಷ್ಟಾಯ್ತು?" ಅಂತಲೂ. ಎರಡನೇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಹಂಪುಗಳಲ್ಲಿ ಮುಂಭಾಗ ಈಗ ಮುಗ್ಗರಿಸಲ್ಲ. ಬ್ರೇಕ್ ಹಾಕಿದಾಗ ಬಗ್ಗೋದೂ ಕಮ್ಮಿ. ಆದರೆ ದಾರಿಯಲ್ಲಿ ಎಡಕ್ಕೆ ತಿರುಗಿದಾಗೆಲ್ಲ ಎಲ್ಲಿಂದಲೋ 'ಟಕ್' ಅಂತ ಸದ್ದು. ಬ್ಲೂಬಾನೆಟ್ ಹೂ ಬಿಟ್ಟಿದ್ದ ರಸ್ತೆ ಅಂಚಿಗೆ ನಿಲ್ಲಿಸಿ, ಹಬ್ಬದ ಪಂಚೆಯಲ್ಲೇ ಕೆಳಗೆ ಬಗ್ಗಿದೆ. ಸ್ವೇ ಬಾರ್ ಲಿಂಕ್ ಹಿಡಿದು ಅಲ್ಲಾಡಿಸಿದೆ, ಏನೂ ಇಲ್ಲ. ಅಷ್ಟರಲ್ಲಿ ಹೆಂಡತಿ ಇಳಿದು ಹಿಂದಕ್ಕೆ ಹೋಗಿ, ದೊಡ್ಡ ಪಾತ್ರೆಯೊಳಗೆ ಉರುಳಾಡುತ್ತಿದ್ದ ಸೌಟು ತೆಗೆದು ತೋರಿಸಿದಳು.

ಮನೆಗೆ ಬಂದ ಮೇಲೆ ಆ ಲಿಂಕಿನ ನಟ್ಟಿಗೂ ಒಂದು ಸಲ ಪಾನಾ ಹಾಕಿದೆ. ಕಾಲು ಸುತ್ತು ಹೋಯಿತು.