ನೂರ ಅರವತ್ತು ಲೀಟರಿನ ಮನೆ

ನಮ್ಮ ಮನೆಯಲ್ಲಿ ಮಂಚದ ಅಡ್ಡ ಹಲಗೆಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ನೆಟ್ಟಗೆ ನಿಲ್ಲಿಸಿ ಕ್ಲಿಪ್ಪು ಹಾಕಿದ್ದೇವೆ. ಅದರ ಬುಡ ಮಂಚದ ಕೆಳಗಿನ ನೀರಿನ ಟ್ಯಾಂಕಿಗೆ ಸೇರಿಕೊಂಡಿರುವುದರಿಂದ ಟ್ಯಾಂಕಿನಲ್ಲಿ ನೀರು ಎಷ್ಟಿದೆಯೋ ನಳಿಕೆಯಲ್ಲಿಯೂ ಅಷ್ಟೇ ಎತ್ತರಕ್ಕೆ ನಿಂತಿರುತ್ತದೆ. ಮಗಳು ಹತ್ತು ಲೀಟರಿನ ಬಕೆಟ್ಟಿನಿಂದ ಹದಿನಾರು ಸಲ ಅಳೆದು ಸುರಿದು, ಒಂದೊಂದು ಸಲಕ್ಕೂ ಪಕ್ಕದ ಹಲಗೆಯ ಮೇಲೆ ಗೆರೆ ಎಳೆದು ಅಂಕಿ ಬರೆದಿದ್ದಾಳೆ. ಬೆಳಿಗ್ಗೆ ಮೊದಲು ಎದ್ದವರು ಆ ಅಂಕಿಯನ್ನು ಗಟ್ಟಿಯಾಗಿ ಹೇಳಬೇಕೆಂಬುದು ಮನೆಯ ನಿಯಮ. ‘ತೊಂಬತ್ತು’ ಎಂದರೆ ಎಲ್ಲರಿಗೂ ಸ್ನಾನ. ‘ನಲವತ್ತು’ ಎಂದರೆ ಮುಖ ತೊಳೆದುಕೊಂಡು ಸುಮ್ಮನಿರುವುದು.

ಮನೆ ಎಂದು ನಾನು ಹೇಳುತ್ತಿರುವುದು ಒಂದು ಹಳೆಯ ಟಿಟಿಯನ್ನು, ಅಂದರೆ ಮದುವೆ ದಿಬ್ಬಣಕ್ಕೂ ಧರ್ಮಸ್ಥಳದ ಯಾತ್ರೆಗೂ ಬೆಂಗಳೂರಿನವರು ಬಾಡಿಗೆಗೆ ಹಿಡಿಯುವ ಅದೇ ಟೆಂಪೊ ಟ್ರಾವೆಲರನ್ನು. 2022ರ ಜೂನ್‌ನಲ್ಲಿ ರಾಜಾಜಿನಗರದ ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನುಗಳಲ್ಲಿ ಮುಕ್ಕಾಲು ಪಾಲನ್ನು ಹಂಚಿ, ಉಳಿದದ್ದನ್ನು ಅದೇ ಬಡಾವಣೆಯಲ್ಲಿರುವ ಅತ್ತೆ ಮಾವನವರ ಮನೆಯ ಅಟ್ಟಕ್ಕೆ ಏರಿಸಿ, ನಾನು, ನನ್ನ ಗಂಡ, ಆಗ ಎಂಟು ವರ್ಷದವಳಾಗಿದ್ದ ಮಗಳು ಮತ್ತು ನಾಲ್ಕು ವರ್ಷದ ಮಗ ಈ ಗಾಡಿಯಲ್ಲಿ ವಾಸ ಆರಂಭಿಸಿದೆವು. ಈ ಬದುಕಿನ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಯಾವ ಊರು ಚಂದ, ಎಲ್ಲಿಯ ಸೂರ್ಯೋದಯ ಚಂದ ಎಂದು ಕೇಳುತ್ತಾರೆ. ಅದನ್ನು ಹೇಳಲು ನನಗಿಂತ ಸಮರ್ಥರು ಬಹಳ ಮಂದಿ ಇದ್ದಾರೆ. ನನಗೆ ಬರೆಯಬೇಕೆನಿಸಿರುವುದು ನೀರಿನ ವಿಚಾರ, ಏಕೆಂದರೆ ನಮ್ಮ ದಿನಗಳನ್ನು ನಡೆಸುವುದು ನಕ್ಷೆಗಿಂತ ಹೆಚ್ಚಾಗಿ ಆ ನಳಿಕೆಯೇ.

ಗಾಡಿಯನ್ನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮನೆಯಾಗಿ ಮಾರ್ಪಡಿಸಿದೆವು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನದ ಸ್ವರೂಪವನ್ನು ನಮಗೆ ತೋಚಿದಂತೆ ಬದಲಾಯಿಸುವಂತಿಲ್ಲ. ಮಾರ್ಪಾಡಿಗೆ ಅನುಮತಿ ಪಡೆದು ಅದನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಅದಕ್ಕಾಗಿ ಆರ್‌ಟಿಓ ಕಚೇರಿಗೆ ಅಲೆದದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ, ಅಲೆಯದೆ ಆದ ಕೆಲಸ ಯಾರಿಗೆ ಯಾವುದಿದೆ? ನಿಜವಾದ ಪೆಟ್ಟು ಬಿದ್ದದ್ದು ಟ್ಯಾಂಕಿನಿಂದ. ವರ್ಕ್‌ಶಾಪಿನವರು ಜಾಗ ಉಳಿಯುತ್ತದೆಂದು ಅದನ್ನು ಹಿಂದಿನ ಆಕ್ಸೆಲ್‌ನ ಆಚೆಗೆ, ಬಾಲದ ತುದಿಯಲ್ಲಿ ಕೂರಿಸಿದ್ದರು, ಒಳಗೆ ನೀರಿನ ಓಡಾಟ ತಗ್ಗಿಸುವ ತಡೆ ಹಲಗೆಗಳನ್ನೂ ಹಾಕಿರಲಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ ಎಂಬುದು ಶಾಲೆಯಲ್ಲಿ ಎಲ್ಲರೂ ಓದಿರುವ ವಿಷಯವಾದರೂ ನನಗೆ ಅದು ಅರ್ಥವಾದದ್ದು ಸಕಲೇಶಪುರ ದಾಟಿ ಶಿರಾಡಿ ಘಾಟಿಯನ್ನು ಇಳಿಯುವಾಗ. ಟ್ಯಾಂಕು ತುಂಬಿದ್ದರೆ ನೀರು ಒಂದೇ ಗಟ್ಟಿಯಂತೆ ಕೂತಿರುತ್ತದೆ, ಖಾಲಿಯಾಗಿದ್ದರೆ ಚಿಂತೆಯೇ ಇಲ್ಲ, ಅರ್ಧವಿದ್ದಾಗ ಮಾತ್ರ ಅದಕ್ಕೆ ಓಡಾಡಲು ಜಾಗ ಸಿಗುತ್ತದೆ. ನಮ್ಮದು ಅಂದು ಅರ್ಧವಿತ್ತು. ಒಂದೊಂದು ತಿರುವಿನಲ್ಲಿಯೂ ಗಾಡಿ ತಿರುಗಿ ಮುಗಿದ ಮೇಲೆ ಎಂಬತ್ತು ಕಿಲೋ ನೀರು ತಡವಾಗಿ ಬಂದು ಪಕ್ಕದ ಗೋಡೆಗೆ ಅಪ್ಪಳಿಸುತ್ತಿತ್ತು, ಗಾಡಿ ಇನ್ನೊಮ್ಮೆ ತೂಗುತ್ತಿತ್ತು. ಗುಂಡ್ಯ ತಲುಪುವವರೆಗೆ ನನ್ನ ಗಂಡ ಒಂದು ಮಾತೂ ಆಡಲಿಲ್ಲ. ಮರುವಾರವೇ ಬೆಂಗಳೂರಿಗೆ ಹಿಂತಿರುಗಿ, ಬೇರೊಬ್ಬ ಫ್ಯಾಬ್ರಿಕೇಟರ್ ಕೈಯಲ್ಲಿ ಟ್ಯಾಂಕನ್ನು ಆಕ್ಸೆಲ್‌ನ ಮುಂದಕ್ಕೆ, ಮಂಚದ ಕೆಳಗೆ ತರಿಸಿ, ಒಳಗೆ ಮೂರು ತಡೆ ಹಲಗೆಗಳನ್ನು ಹಾಕಿಸಿದೆವು.

ಅಮೆರಿಕದಲ್ಲಿ ಆರ್‌ವಿ ಎನ್ನುವ ಇಂತಹ ಗಾಡಿಗಳಿಗೆ ಪ್ರತ್ಯೇಕ ತಂಗುದಾಣಗಳಿವೆ. ಅಲ್ಲಿ ನೀರಿನ ನಲ್ಲಿ, ಕರೆಂಟು, ಕೊಳಚೆ ಬಿಡಲು ಗುಂಡಿ ಎಲ್ಲವೂ ನಿಂತಲ್ಲಿಯೇ ಸಿಗುತ್ತವೆ. ಕೇರಳ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ಯೋಜನೆಯನ್ನು ಆರಂಭಿಸಿ ಅಂತಹ ತಂಗುದಾಣಗಳ ಮಾತೆತ್ತಿತು. ಉಳಿದಂತೆ ನಮ್ಮ ದೇಶದಲ್ಲಿ ಗಾಡಿಯಲ್ಲಿ ವಾಸಿಸುವವರು ಪೆಟ್ರೋಲ್ ಬಂಕು, ಡಾಬಾ, ದೇವಸ್ಥಾನದ ಛತ್ರ, ಗುರುದ್ವಾರ, ಹಳ್ಳಿಯ ಶಾಲೆಯ ಬಯಲು ಇವುಗಳನ್ನೇ ನಂಬಬೇಕು. ಡೀಸೆಲ್ ಹಾಕಿಸಿಕೊಂಡ ಬಂಕಿನಲ್ಲಿ ರಾತ್ರಿ ನಿಲ್ಲಲು ಬಿಡುತ್ತೀರಾ ಎಂದು ಕೇಳುವುದು ಸುಲಭ, ನೂರು ಲೀಟರ್ ನೀರು ಕೊಡುತ್ತೀರಾ ಎಂದು ಕೇಳಲು ನನಗೆ ಮೊದಲ ಆರು ತಿಂಗಳು ನಾಲಿಗೆ ಏಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಬೆಳೆದ ನಾನು ಯಾರ ಹತ್ತಿರವೂ ಕುಡಿಯುವ ಒಂದು ಲೋಟಕ್ಕಿಂತ ಹೆಚ್ಚು ನೀರು ಕೇಳಿದವಳಲ್ಲ. ಕೊನೆಗೆ ಆ ಕೆಲಸವನ್ನು ಮಗ ವಹಿಸಿಕೊಂಡ. ಪೈಪಿನ ಸುರುಳಿಯನ್ನು ಕುತ್ತಿಗೆಗೆ ಹಾಕಿಕೊಂಡು ಹೋಗಿ ನಿಲ್ಲುವ ಹುಡುಗನಿಗೆ ಇಲ್ಲವೆಂದವರು ಕಡಿಮೆ.

ಲೆಕ್ಕ ಹೀಗಿದೆ. ಕುಡಿಯಲು ಹತ್ತು ಲೀಟರ್, ಅಡುಗೆಗೆ ಆರು, ಪಾತ್ರೆಗೆ ಹತ್ತು, ತಲೆಗೆ ಐದರಂತೆ ಸ್ನಾನಕ್ಕೆ ಇಪ್ಪತ್ತು, ಕೈ ಬಾಯಿಗೆ ಆರು. ದಿನಕ್ಕೆ ಐವತ್ತೆರಡು ಲೀಟರಾದರೆ ಟ್ಯಾಂಕು ಮೂರು ದಿನ ಬರುತ್ತದೆ. ಬಟ್ಟೆ ಒಗೆಯುವುದು ಈ ಲೆಕ್ಕದಲ್ಲಿಲ್ಲ, ಅದು ವಾರಕ್ಕೊಮ್ಮೆ ಊರು ಸಿಕ್ಕಾಗ. ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಸರ್ಕಾರದ ಮಾನದಂಡ, ಅಂದರೆ ಒಬ್ಬರ ಒಂದು ದಿನದ ಪಾಲಿನಲ್ಲಿ ನಾವು ನಾಲ್ವರು ಎರಡೂವರೆ ದಿನ ಕಳೆಯುತ್ತೇವೆ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಅಕ್ಕಿ ತೊಳೆದ ನೀರನ್ನು ಹಿಡಿದಿಟ್ಟು ಪಾತ್ರೆಯ ಮೊದಲ ಸುತ್ತಿಗೆ ಬಳಸುವುದು, ಎಣ್ಣೆ ಜಿಡ್ಡನ್ನು ಹಳೆಯ ಪತ್ರಿಕೆಯಲ್ಲಿ ಒರೆಸಿದ ಮೇಲೆಯೇ ನೀರು ಮುಟ್ಟಿಸುವುದು, ನೀರು ಅರವತ್ತಕ್ಕಿಂತ ಕೆಳಗಿಳಿದರೆ ಮುತ್ತುಗದ ಎಲೆಯಲ್ಲಿ ಊಟ ಮಾಡುವುದು, ಇವೆಲ್ಲ ನನ್ನ ಅಜ್ಜಿ ಮಧುಗಿರಿಯ ಹಳ್ಳಿಯಲ್ಲಿ ಸೇದುವ ಬಾವಿಯ ಕಾಲದಲ್ಲಿ ಮಾಡುತ್ತಿದ್ದ ಕೆಲಸಗಳೇ. ಎರಡು ತಲೆಮಾರು ನಲ್ಲಿ ತಿರುಗಿಸಿ ನಾವು ಮರೆತಿದ್ದೆವು.

ಸಿಕ್ಕ ನೀರೆಲ್ಲ ಕುಡಿಯುವ ನೀರಲ್ಲ ಎಂಬುದನ್ನು ಕಲಿಸಿದ್ದು ಗುಜರಾತಿನ ಕಛ್. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಇರಬಹುದು ಎಂದು ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನಕ ಹೇಳುತ್ತದೆ. ಈ ಲವಣಾಂಶವನ್ನು ಅಳೆಯುವ, ಪೆನ್ನಿನಷ್ಟು ಗಾತ್ರದ ಟಿಡಿಎಸ್ ಮೀಟರ್ ಒಂದನ್ನು ನಾವು ಇಟ್ಟುಕೊಂಡಿದ್ದೇವೆ. ಧೋಲಾವೀರಾ ಇರುವ ಖಡೀರ್ ಬೇಟ್ ದ್ವೀಪದ ಹತ್ತಿರ ಒಂದು ಕೊಳವೆ ಬಾವಿಯ ನೀರಿಗೆ ಅದನ್ನು ಅದ್ದಿದಾಗ 2,900 ತೋರಿಸಿತು. ಆ ನೀರಿನಲ್ಲಿ ಕಾಫಿ ಮಾಡಿದ ನನ್ನ ಗಂಡ ಹಾಲು ಒಡೆದ ಪಾತ್ರೆಯನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದರು. ಮರುದಿನ ನೋಡಿದ ಧೋಲಾವೀರಾ ಆದ್ದರಿಂದ ನಮಗೆ ಬೇರೆಯೇ ರೀತಿಯಲ್ಲಿ ಕಂಡಿತು. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಹರಪ್ಪಾ ಕಾಲದ ನಗರ ಮನ್ಸರ್ ಮತ್ತು ಮನ್‌ಹರ್ ಎಂಬ, ಮಳೆಗಾಲದಲ್ಲಿ ಮಾತ್ರ ಹರಿಯುವ ಎರಡು ಹಳ್ಳಗಳ ನಡುವೆ ಇದೆ. ಹಳ್ಳಗಳಿಗೆ ಒಡ್ಡು ಕಟ್ಟಿ, ಆ ನೀರನ್ನು ಊರಿನ ಸುತ್ತ ಒಂದರಿಂದ ಒಂದಕ್ಕೆ ಇಳಿಯುವ ಕೊಳಗಳಿಗೆ ತುಂಬಿಸಿಕೊಂಡು ಅವರು ಬದುಕಿದ್ದರು. ಮಗಳು ಕೊಳದ ಕಲ್ಲು ಮೆಟ್ಟಿಲುಗಳನ್ನು ಎಣಿಸುತ್ತ ಇಳಿದು, ‘ಅಮ್ಮಾ, ಇವರೂ ಗೆರೆ ನೋಡಿ ಹೇಳುತ್ತಿದ್ದಿರಬೇಕು’ ಎಂದಳು. ಮೆಟ್ಟಿಲನ್ನು ನೀರಿನ ಅಳತೆಗೋಲಾಗಿ ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಪಾಟಣದ ರಾಣಿ ಕೀ ವಾವ್‌ನಲ್ಲಿ ಮಗ ನೇರಳೆ ಬಣ್ಣದ ನೂರು ರೂಪಾಯಿ ನೋಟನ್ನು ಹಿಡಿದು, ಅದರ ಮೇಲಿನ ಚಿತ್ರಕ್ಕೂ ಎದುರಿನ ಬಾವಿಗೂ ಹೋಲಿಕೆ ನೋಡುತ್ತ ಅರ್ಧ ಗಂಟೆ ಕಳೆದ. ಆ ನೋಟನ್ನು ಅವನು ಇನ್ನೂ ಖರ್ಚು ಮಾಡಲು ಬಿಟ್ಟಿಲ್ಲ.

2023ರ ಅಕ್ಟೋಬರ್ ಮೊದಲ ವಾರದಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಕಾಜಾದಲ್ಲಿ ನೀರು ಇನ್ನೊಂದು ಮುಖ ತೋರಿಸಿತು. ಮಕ್ಕಳಿಗೆ ಎತ್ತರ ಒಗ್ಗಲೆಂದು ಶಿಮ್ಲಾ, ಕಿನ್ನೌರ್ ದಾರಿಯಲ್ಲಿ ನಿಂತು ನಿಂತು ಹತ್ತಿದ್ದೆವು. ಅಷ್ಟು ಎತ್ತರದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುವುದರಿಂದ ತೊಗರಿ ಬೇಳೆ ಪಾತ್ರೆಯಲ್ಲಿ ಎಷ್ಟು ಹೊತ್ತು ಕುಣಿದರೂ ಬೇಯುವುದಿಲ್ಲ, ಕುಕ್ಕರಿನಲ್ಲಿಯೇ ಎರಡು ಸೀಟಿ ಹೆಚ್ಚು ಕೂಗಿಸಬೇಕು. ರಾತ್ರಿ ನಲ್ಲಿಯ ಪೈಪುಗಳಲ್ಲಿ ನಿಂತ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪೈಪು ಸೀಳುತ್ತದೆಂದು ಮಲಗುವ ಮುನ್ನ ಎಲ್ಲವನ್ನೂ ಬಸಿದುಬಿಡುತ್ತಿದ್ದೆವು. ಒಂದು ರಾತ್ರಿ ಮರೆತೆವು. ಬೆಳಿಗ್ಗೆ ಸಿಂಕಿನ ಕೆಳಗಿನ ಬಾಗಿದ ಜೋಡಣೆ ಅವರೇಕಾಯಿಯ ಸಿಪ್ಪೆಯಂತೆ ಬಿರಿದು ತೆರೆದುಕೊಂಡಿತ್ತು.

ಪಂಜಾಬಿನ ಸಂಗತಿ ಇದಕ್ಕೆ ತದ್ವಿರುದ್ಧ. ಸಿಖ್ಖರ ಐದನೇ ಗುರು ಅರ್ಜನ್ ದೇವ್ ಅವರ ಬಲಿದಾನದ ಸ್ಮರಣೆಯಲ್ಲಿ ಕಡು ಬೇಸಿಗೆಯಲ್ಲಿ ಅಲ್ಲಿ ರಸ್ತೆ ರಸ್ತೆಗೆ ಛಬೀಲ್ ಇಡುತ್ತಾರೆ. ಹಾಲು, ಸಕ್ಕರೆ, ಗುಲಾಬಿ ಷರಬತ್ತು ಬೆರೆಸಿದ ತಣ್ಣನೆಯ ನೀರನ್ನು ಹಂಚುತ್ತಾರೆ, ಬೇಡವೆಂದು ಮುಂದೆ ಹೋಗುವ ಗಾಡಿಗಳನ್ನೂ ಅಡ್ಡಗಟ್ಟಿ ಕುಡಿಸುತ್ತಾರೆ. ನನಗೆ ನಮ್ಮ ಅರವಟ್ಟಿಗೆಗಳೂ ರಾಮನವಮಿಯ ಪಾನಕವೂ ನೆನಪಾದವು. ಅಮೃತಸರದ ಹೊರಗೆ ಒಂದು ಗುರುದ್ವಾರದಲ್ಲಿ ಟ್ಯಾಂಕು ತುಂಬಿಸಿಕೊಳ್ಳಲು ಅನುಮತಿ ಕೇಳಿದಾಗ ಅಲ್ಲಿಯ ಹಿರಿಯರು ನಾವು ಕೇಳಿದ್ದೇ ತಪ್ಪೆಂಬಂತೆ ನೋಡಿದರು.

ಉಳಿದ ವಿಷಯಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಗಳ ಓದು ಎನ್‌ಐಒಎಸ್‌ನ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮುಕ್ತ ಮೂಲ ಶಿಕ್ಷಣದಲ್ಲಿ ನಡೆಯುತ್ತಿದೆ, ಅದರ ‘ಬಿ’ ಹಂತ ಐದನೇ ತರಗತಿಗೆ ಸಮ. ಗಂಡನ ಸಾಫ್ಟ್‌ವೇರ್ ಕೆಲಸ ಎರಡು ಸಿಮ್ಮುಗಳ ಮೇಲೆ ಸಾಗುತ್ತದೆ, ಸಿಗ್ನಲ್ ಇಲ್ಲದ ಊರಿನಲ್ಲಿ ವಾರದ ನಡುವೆ ನಿಲ್ಲುವುದಿಲ್ಲ. ಕರೆಂಟು ಸೂರಿನ ಮೇಲಿನ ಸೋಲಾರ್‌ನಿಂದ, ಒಲೆ ಐದು ಕಿಲೋ ಸಿಲಿಂಡರಿನಿಂದ. ಜಗಳಗಳು ಎಲ್ಲ ಮನೆಯಂತೆ, ಎದ್ದು ಹೋಗಲು ಇನ್ನೊಂದು ಕೋಣೆ ಇಲ್ಲವೆಂಬುದಷ್ಟೇ ವ್ಯತ್ಯಾಸ.

ದೇಶದಲ್ಲಿ ಗಾಡಿ ನಿಲ್ಲಿಸಲು ನಮಗೆ ಅತ್ಯಂತ ಕಷ್ಟವಾಗುವ ಊರು ನಮ್ಮ ಬೆಂಗಳೂರೇ. ಜೋತುಬಿದ್ದ ಕೇಬಲ್ಲುಗಳು, ಹೊಂಗೆ ಮರದ ಕೊಂಬೆಗಳು, ಎರಡೂ ಬದಿಗೆ ನಿಂತ ಕಾರುಗಳು ಇವುಗಳ ನಡುವೆ ಅತ್ತೆಯವರ ಮನೆಯ ಬಾಗಿಲಿಗೆ ಗಾಡಿ ತರಬೇಕಾದರೆ ಮಾವನವರು ಒಂದು ಬಿದಿರು ಕೋಲು ಹಿಡಿದು ಕೇಬಲ್ ಎತ್ತುತ್ತ ಮುಂದೆ ನಡೆಯಬೇಕು. 2024ರ ಮಾರ್ಚ್‌ನಲ್ಲಿ ನಾವು ಹೀಗೆ ಬಂದು ನಿಂತಾಗ ಊರಿನಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್‌ಗಳಿಗೆ ಜನ ಮುಗಿಬಿದ್ದಿದ್ದರು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಹಂತ ಹಂತವಾಗಿ ಮೇಲೆತ್ತಿಸಿಕೊಂಡು ಬರುವ ಕಾವೇರಿ ನಮ್ಮ ಬೀದಿಯಲ್ಲಿ ದಿನ ಬಿಟ್ಟು ದಿನ ಕಾಣಿಸಿಕೊಳ್ಳುತ್ತಿತ್ತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು.

ಅಂತಹ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಅತ್ತೆಯವರ ಸಂಪಿನಿಂದ ಗಾಡಿಗೆ ಪೈಪು ಎಳೆದದ್ದನ್ನು ಎದುರು ಮನೆಯ ಹಿರಿಯರು ಕಂಡರು.

‘ಏನಮ್ಮಾ, ಗಾಡಿ ತೊಳೀತಿದ್ದೀರಾ? ಪೇಪರ್ ಓದೋದಿಲ್ವಾ?’

‘ಇಲ್ಲ ಅಂಕಲ್, ನಾವು ಇದರಲ್ಲೇ ಇರೋದು. ಕುಡಿಯೋಕೆ, ಅಡುಗೆಗೆ.’

ಅವರು ನಂಬಲಿಲ್ಲ. ನಂಬದಿದ್ದುದು ನ್ಯಾಯವೇ ಆಗಿತ್ತು. ಮಗಳು ಅವರನ್ನು ಒಳಗೆ ಕರೆದು ನಳಿಕೆಯನ್ನೂ, ದಿನದಿನದ ಅಂಕಿ ಬರೆದಿಟ್ಟ ತನ್ನ ನೋಟುಬುಕ್ಕನ್ನೂ ತೋರಿಸಿದಳು. ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಿರುವಿದ ಅವರು, ‘ನಾಲ್ಕು ಜನಕ್ಕೆ ಐವತ್ತೆರಡಾ? ನಮ್ಮ ಮನೇಲಿ ವಾಷಿಂಗ್ ಮೆಷೀನೇ ಅಷ್ಟು ಕುಡಿಯುತ್ತಲ್ಲ’ ಎಂದರು. ಆಮೇಲೆ ದೂರು ಬರಲಿಲ್ಲ. ರಾಮನವಮಿಯ ದಿನ ಬೀದಿ ತುದಿಯ ಚಪ್ಪರದಲ್ಲಿ ಪಾನಕ ಹಂಚುತ್ತಿದ್ದವರು ಅವರೇ, ಆ ವರ್ಷ ಎಲ್ಲರಿಗೂ ಮುಕ್ಕಾಲು ಲೋಟ. ಆದರೂ ನನಗೆ ಆ ಸಂಪಿಗೆ ಪೈಪು ಇಳಿಸಲು ಮನಸ್ಸು ಬರಲಿಲ್ಲ. ಬೇರೆ ಊರುಗಳಲ್ಲಿ ಕೇಳಿ ಪಡೆದ ನೀರಿಗಿಂತ ಸ್ವಂತ ಊರಿನ ನೀರು ಭಾರವಾಗಿತ್ತು.

ಏಪ್ರಿಲ್ 26ರಂದು ಮತ ಹಾಕಿ, ಎರಡು ದಿನ ಬಿಟ್ಟು ನಸುಕಿನಲ್ಲಿ ಹೊರಟೆವು. ದೇವನಹಳ್ಳಿ ದಾಟಿದ ಮೇಲೆ ಎಲ್ಲಿಯಾದರೂ ತುಂಬಿಸಿಕೊಳ್ಳೋಣವೆಂದು ಟ್ಯಾಂಕನ್ನು ಹಾಗೆಯೇ ಬಿಟ್ಟಿದ್ದೆವು, ನಳಿಕೆ ನಲವತ್ತು ತೋರಿಸುತ್ತಿತ್ತು. ನಾವು ಹೊರಡುವಾಗಲೆಲ್ಲ ಅತ್ತೆ ತುಂಬಿದ ಕೊಡ ಹಿಡಿದು ಗಾಡಿಯ ಎದುರಿಗೆ ನಡೆದು ಬರುತ್ತಾರೆ, ತುಂಬಿದ ಕೊಡ ಎದುರಾದರೆ ಪ್ರಯಾಣ ಶುಭವೆಂಬುದು ಅವರ ನಂಬಿಕೆ. ಸಾಮಾನ್ಯವಾಗಿ ಆಮೇಲೆ ಆ ನೀರು ತುಳಸಿ ಕಟ್ಟೆಗೆ ಹೋಗುತ್ತದೆ. ಅಂದು ಅವರು ಕೊಡವನ್ನು ಸೊಂಟದಿಂದ ಇಳಿಸದೆ ಗಾಡಿಯ ಪಕ್ಕಕ್ಕೆ ಬಂದು, ‘ಅದರ ಮುಚ್ಚಳ ತೆಗಿಯಮ್ಮ’ ಎಂದರು. ಬಾಯಿ ಕಿರಿದಾಗಿದ್ದುದರಿಂದ ಮಾವನವರು ಸೀಮೆಎಣ್ಣೆ ಕಾಲದ ಹಳೆಯ ತಗಡಿನ ಆಲಿಕೆಯನ್ನು ತೊಳೆದು ತಂದು ಹಿಡಿದರು. ಒಳಗಿನಿಂದ ಮಗಳು ಗೆರೆ ನೋಡಿ ಐವತ್ತೆರಡು ಎಂದು ಕೂಗಿದಳು.