ಮಾವಿನ ಹುಳದ ಅಮ್ಮ

ಬೆಳಿಗ್ಗೆ ಬಾದಾಮಿ ಮಾವು ಕೊಯ್ದೆ. ಒಳಗಿಂದ ಬಿಳಿ ಹುಳವೊಂದು ಮೈ ಬಿಲ್ಲಿನಂತೆ ಬಗ್ಗಿಸಿ ಟಪ್ ಅಂತ ತಟ್ಟೆಯಾಚೆ ಹಾರಿತು! ಹಣ್ಣುನೊಣದ ಮರಿ.

ಇದರ ಅಮ್ಮ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಅನ್ನೋ ಜಾತಿಯ ಹಣ್ಣುನೊಣ ಇರಬೇಕು. ಇಂಥದ್ದೇ ನೊಣ 2003ರಲ್ಲಿ ಕೀನ್ಯಾದಲ್ಲಿ ಸಿಕ್ಕಿತ್ತು. ಬೆನ್ನಿನ ಬಣ್ಣ ಮಾತ್ರ ಒಂದೊಂದರದ್ದು ಒಂದೊಂದು ಥರ. ಕೆಲವು ಕೆಂಗಂದು, ಕೆಲವು ಕಡುಗಪ್ಪು. ಬೇರೆ ಜಾತಿಯೇ ಅಂದುಕೊಂಡು 2005ರಲ್ಲಿ 'ಇನ್ವೇಡೆನ್ಸ್' ಅಂತ ಹೆಸರಿಟ್ಟರು. ಅಂದರೆ ದಾಳಿಕೋರ. ಪಾಪ!

ಆಮೇಲೆ ರೆಕ್ಕೆಯ ಆಕಾರ ಅಳೆದರು, ಗಂಡಿನ ಜನನಾಂಗದ ಉದ್ದ ಅಳೆದರು, ಡಿಎನ್ಎ ನೋಡಿದರು. 2015ರಲ್ಲಿ ಎರಡೂ ಒಂದೇ ಅಂತ ತೀರ್ಮಾನ. ನಮ್ಮ ಮನೆಯಲ್ಲೂ ಅಷ್ಟೇ ಅಲ್ವಾ, ನಾನು ಕಪ್ಪು, ತಮ್ಮ ಕೆಂಪಗೆ. ಯಾರೂ ಬೇರೆ ಹೆಸರಿನ ಜಾತಿ ಮಾಡಲಿಲ್ಲ.

ಉಳಿದರ್ಧ ಹಣ್ಣು ತಿಂದೆ. ಹುಳ ಇಲ್ಲದ ಕಡೆಯದ್ದು ಮಾರಾಯ್ರೇ!