ಅಂಗಡಿಗೆ ಹೋಗುವಾಗ ನಿಮ್ಮದೇ ಭಾರವಾದ ಹಾಡು ಒಯ್ಯಿರಿ

ನಾನು ನಾಟಕಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ವರ್ಷದಲ್ಲಿ ಅರ್ಧ ಭಾಗ ತಿರುಗಾಟವೇ. ಧಾರವಾಡದಲ್ಲಿ ಹತ್ತು ದಿನ ತಾಲೀಮು, ಆಮೇಲೆ ಸಾಗರ, ಅಲ್ಲಿಂದ ಮೈಸೂರು. ರಾತ್ರಿ ಹತ್ತಕ್ಕೆ ನಿರ್ದೇಶಕರು ಒಂದು ದೃಶ್ಯವನ್ನು ಎರಡು ನಿಮಿಷ ಕತ್ತರಿಸಿದರೆ, ಬೆಳಿಗ್ಗೆಯ ಹೊತ್ತಿಗೆ ಹೊಸ ಸಂಗೀತ ರೆಡಿ ಇರಬೇಕು. ಹಾಗಾಗಿ ಚೀಲದಲ್ಲಿ ಹಿಡಿಸುವ ಲ್ಯಾಪ್‌ಟಾಪ್ ನನಗೆ ಬೇಕೇ ಬೇಕು.

ಮೊದಲ ಸಲ ತೂಕ ನೋಡಿ ಕೊಂಡೆ. ಒಂದು ಕೆಜಿ ಚಿಲ್ಲರೆ, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ ಎಂಬ ನಿಧಾನದ ಡಿಸ್ಕ್. ಅಂಗಡಿಯಲ್ಲಿ ಒಂದು ಹಾಡು ಕೇಳಿಸಿದರು, ಚೆನ್ನಾಗಿಯೇ ಬಂತು. ಧಾರವಾಡದ ತಾಲೀಮಿನಲ್ಲಿ ತಂಬೂರಿ, ಚೆಲ್ಲೋ, ಡೊಳ್ಳು ಸೇರಿ ಇಪ್ಪತ್ತೆರಡು ಟ್ರ್ಯಾಕ್ ಇದ್ದ ತುಣುಕು ತೆರೆದೆ. ಪಟಪಟ ಎಂದು ಶಬ್ದ ಒಡೆಯಿತು. ನಟರು ನಿಂತೇ ಇದ್ದರು. ಅವತ್ತು ಡೊಳ್ಳಿನವರೇ ಎದ್ದು ಬಂದು ಬಾರಿಸಿ ದೃಶ್ಯ ನಡೆಸಿದರು. ಅವರ ಉಪಕಾರ ನಾನು ಮರೆತಿಲ್ಲ.

ಹಾಡು ಕೇಳುವುದು ಬೇರೆ, ಹಾಡು ಕಟ್ಟುವುದು ಬೇರೆ. ಸ್ಯಾಂಪಲ್ ವಾದ್ಯಗಳು, ಅಂದರೆ ನಿಜವಾದ ವಾದ್ಯದ ಸ್ವರಗಳನ್ನು ರೆಕಾರ್ಡ್ ಮಾಡಿಟ್ಟ ಸಾಫ್ಟ್‌ವೇರ್ ವಾದ್ಯಗಳು, ಪ್ರತಿ ಸ್ವರದ ಆರಂಭದ ತುಣುಕನ್ನು ಮಾತ್ರ ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತವೆ. ಉಳಿದದ್ದನ್ನು ನುಡಿಸುತ್ತಿರುವಾಗಲೇ ಡಿಸ್ಕಿನಿಂದ ಎಳೆದುಕೊಳ್ಳುತ್ತವೆ. ಡಿಸ್ಕ್ ನಿಧಾನವಾದರೆ ಸ್ವರ ಅರ್ಧಕ್ಕೇ ತುಂಡಾಗುತ್ತದೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ಎಸ್‌ಎಸ್‌ಡಿ ಇರಲಿ, ರ್‍ಯಾಮ್ ಆದಷ್ಟು 16 ಜಿಬಿ ಇರಲಿ.

ಇನ್ನೊಂದು ಬಫರ್, ಅಂದರೆ ಶಬ್ದ ಹೊರಬರುವ ಮುಂಚೆ ಯಂತ್ರ ಒಟ್ಟುಗೂಡಿಸಿಕೊಳ್ಳುವ ಚಿಕ್ಕ ತುಣುಕು. ಅದನ್ನು ಸ್ಯಾಂಪಲ್ ಎಂಬ ಶಬ್ದದ ಕಣಗಳಲ್ಲಿ ಎಣಿಸುತ್ತಾರೆ, 44.1 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 44,100 ಕಣ. 44.1 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಇಟ್ಟರೆ ಸುಮಾರು 3 ಮಿಲಿಸೆಕೆಂಡ್ ತಡ. 1024 ಇಟ್ಟರೆ 23. ಮಿಕ್ಸಿಂಗ್ ಮಾಡುವಾಗ 1024 ಇದ್ದರೂ ತೊಂದರೆಯಿಲ್ಲ. ಆದರೆ ತಬಲಾದ ಬೋಲನ್ನು ಕೀಬೋರ್ಡಿನ ಮೇಲೆ ಬೆರಳಿನಿಂದ ನುಡಿಸುವಾಗ ಅಷ್ಟು ತಡವಾದರೆ ಲಯ ಕೈಗೇ ಸಿಗುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದರಂತೂ ಇನ್ನೂ ಜಾಸ್ತಿ. ಅದಕ್ಕೇ ನಾನು ಇವತ್ತಿಗೂ ವೈರ್ ಇರುವುದನ್ನೇ ಬಳಸುತ್ತೇನೆ.

ಎರಡನೇ ಸಲ ಪೆನ್‌ಡ್ರೈವ್‌ನಲ್ಲಿ ಅದೇ ಇಪ್ಪತ್ತೆರಡು ಟ್ರ್ಯಾಕಿನ ತುಣುಕನ್ನು, ಅದರ ವಾದ್ಯಗಳ ಸಮೇತ, ಅಂಗಡಿಗೆ ಒಯ್ದೆ. ಇದಕ್ಕೆ ಹಾಡು ಕಟ್ಟುವ ರೀಪರ್ ಒಳ್ಳೆಯದು. ಚಿಕ್ಕ ಸಾಫ್ಟ್‌ವೇರ್, 60 ದಿನ ಸುಮ್ನೆ ಬಳಸಿ ನೋಡಬಹುದು. ಚಾರ್ಜರ್ ಕಿತ್ತೆ, ಯಾಕೆಂದರೆ ಬ್ಯಾಟರಿಯಲ್ಲಿ ಓಡುವಾಗ ಎಷ್ಟೋ ಯಂತ್ರಗಳು ವೇಗ ತಗ್ಗಿಸಿಕೊಳ್ಳುತ್ತವೆ. ಬಫರ್ 128ಕ್ಕೆ ಇಟ್ಟು ಅರ್ಧ ಗಂಟೆ ಸುತ್ತಿ ಸುತ್ತಿ ನುಡಿಸಿದೆ. ಐದು ನಿಮಿಷ ಸಾಲುವುದಿಲ್ಲ. ಫ್ಯಾನ್ ಇಲ್ಲದ ಯಂತ್ರ ಬಿಸಿಯಾದ ಮೇಲೆ ನಿಧಾನವಾಗುತ್ತದೆ. ಫ್ಯಾನ್ ಇರುವುದು ಬಿಸಿಯಾದಾಗ ಸದ್ದು ಮಾಡುತ್ತದೆ, ಲಾಡ್ಜಿನ ಕೋಣೆಯಲ್ಲಿ ದನಿ ರೆಕಾರ್ಡ್ ಮಾಡುವಾಗ ಆ ಸದ್ದು ಮೈಕಿಗೆ ಬೀಳುತ್ತದೆ. ಅಂಗಡಿಯವರು ತಾಳ್ಮೆಯಿಂದ ಕಾದರು.

ಕೊನೆಗೆ ತಂದದ್ದು 2020ರ ಎಂ1 ಮ್ಯಾಕ್‌ಬುಕ್ ಏರ್, 16 ಜಿಬಿಯದು, ಸೆಕೆಂಡ್ ಹ್ಯಾಂಡ್. 1.29 ಕೆಜಿ, ಫ್ಯಾನ್ ಇಲ್ಲ. ಅರ್ಧ ಗಂಟೆಯಾದರೂ ತುಣುಕು ಒಡೆಯಲಿಲ್ಲ. ಇದರಲ್ಲಿ ರ್‍ಯಾಮ್ ಆಗಲಿ ಒಳಗಿನ ಎಸ್‌ಎಸ್‌ಡಿ ಆಗಲಿ ಆಮೇಲೆ ಹೆಚ್ಚಿಸಲು ಆಗುವುದಿಲ್ಲ, ಕೊಳ್ಳುವ ದಿನವೇ ತೀರ್ಮಾನಿಸಬೇಕು. ವಾದ್ಯಗಳ ಫೈಲುಗಳನ್ನು ನಾನು ಹೊರಗಿನ ಎಸ್‌ಎಸ್‌ಡಿಯಲ್ಲಿ ಇಟ್ಟಿದ್ದೇನೆ. ವಿಂಡೋಸ್ ಯಂತ್ರವೂ ಆಗುತ್ತದೆ, ಆದರೆ ಮೈಕು, ಹೆಡ್‌ಫೋನ್ ಜೋಡಿಸುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸ್ ಜೊತೆ ಅದರದೇ ಎಎಸ್‌ಐಓ ಡ್ರೈವರ್ (ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡೇ ಪರೀಕ್ಷಿಸಿ.

ಜೊತೆಗಿರುವ, ಲ್ಯಾಪ್‌ಟಾಪಿನೊಳಗಿನ ವಾದ್ಯಗಳನ್ನು ನುಡಿಸುವ ಮಿಡಿ ಕೀಬೋರ್ಡ್‌ಗೆ 25 ಕೀಲಿ ಸಾಕು. ಆದರೆ ಪಿಚ್ ಬೆಂಡ್ ಮಾಡಲು, ಅಂದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸಲು, ಚಕ್ರವೋ ಪಟ್ಟಿಯೋ ಇದೆಯೇ ನೋಡಿ. ತೀರಾ ತೆಳ್ಳಗಿನ ಕೆಲವು ಮಾದರಿಗಳಲ್ಲಿ ಬರೀ ಗುಂಡಿ ಇರುತ್ತದೆ. ಗುಂಡಿ ಒತ್ತಿ ತೋಡಿ ರಾಗದ ಗಾಂಧಾರವನ್ನು ತೂಗಿಸಲು ಆಗುವುದಿಲ್ಲ, ಅಲ್ವಾ? ಕಳೆದ ತಿಂಗಳು ಸಾಗರದಲ್ಲಿ ತಾಯಿ ಮಗನನ್ನು ಕಳಿಸಿಕೊಡುವ ದೃಶ್ಯಕ್ಕೆ ಆ ಒಂದು ಸ್ವರವೇ ಬೇಕಿತ್ತು. ಗ್ರೀನ್ ರೂಮಿನ ಬೆಂಚಿನ ಮೇಲೆ ಕೂತು, ಚಕ್ರ ತಿರುಗಿಸಿ ತಿರುಗಿಸಿ, ಮೂರನೇ ಬೆಲ್‌ಗೆ ಮುಂಚೆ ಅದು ಸಿಕ್ಕಿತು.